ಉಜ್ಜಿ ತೆಗೆದ ಗುರುತು

ನನ್ನಣ್ಣನಿಗೆ ದೇಶದ ಮೇಲೆ ಪ್ರೀತಿ ಉಕ್ಕಿದ್ದು ಪರದೇಶಿ ನಮ್ಮ ಅಂಗಡಿಗೆ ಸೇರಿದ ಮೇಲೆ. ಅದಕ್ಕೆ ಮೊದಲು ಇಲ್ಲಿನ ರಸ್ತೆ, ತೆರಿಗೆ, ಸೆಕೆ ಎಲ್ಲವನ್ನೂ ದಿನಾ ಬಾಯಿಗೆ ಬಂದಂತೆ ಬೈಯುತ್ತಿದ್ದ.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ಅಪ್ಪ ಅದನ್ನು ನಮ್ಮಿಬ್ಬರ ಹೆಸರಿಗೂ ಬರೆದು ಹೋದರು. ಗಡಿ ದಾಟಿ ಬಂದ ಈ ಕೆಲಸಗಾರನ ಹೆಸರಿಗೆ ನಾಲಿಗೆ ಹೊರಳುವುದಿಲ್ಲ ಎಂಬ ನೆಪ ಹೇಳಿ ಅಣ್ಣ ‘ಪರದೇಶಿ’ ಎಂದು ಕರೆದ. ನಾನೂ ಹಾಗೇ ಕರೆದೆ. ಅವನು ಮಾತ್ರ ನನ್ನನ್ನು ಅಕ್ಕ ಎನ್ನುತ್ತಿದ್ದ.

ಹನ್ನೆರಡು ವರ್ಷದಿಂದ ಕೆಟ್ಟು ನಿಂತಿದ್ದ ನಗರಸಭೆಯ ಗೋಪುರದ ಗಡಿಯಾರವನ್ನು ಅವನೇ ನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಇಳಿದು ಸರಿಮಾಡಿದ. ಅಣ್ಣ ಹತ್ತಿದ್ದು ಒಂದೇ ಸಲ, ಫೋಟೋ ತೆಗೆಸಿಕೊಳ್ಳಲು. ಉದ್ಘಾಟನೆಯ ಬ್ಯಾನರಿನಲ್ಲಿ ‘ಅಪ್ಪಟ ನಮ್ಮ ದೇಶದ ಕೈಗಳ ಕೆಲಸ’ ಎಂದು ಬರೆಸಿದವನೂ ಅಣ್ಣನೇ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ರಿಪೇರಿ ಮಾಡಿದವನು ಯಂತ್ರದ ಒಳಗಿನ ಹಿತ್ತಾಳೆ ತಗಡಿನ ಮೇಲೆ ತನ್ನ ಗುರುತು ಗೀರುತ್ತಾನೆ. ಮುಂದೆ ಗಡಿಯಾರ ನಿಂತರೆ ಆ ಗುರುತಿನವನೇ ಉತ್ತರ ಕೊಡಬೇಕು. ಉದ್ಘಾಟನೆಯ ಹಿಂದಿನ ಮಧ್ಯಾಹ್ನ, ಪರದೇಶಿ ಊಟಕ್ಕೆ ಹೋಗಿದ್ದಾಗ, ಅಣ್ಣ ನನ್ನನ್ನೂ ಕರೆದುಕೊಂಡು ಮೇಲೆ ಹತ್ತಿದ. ತಗಡಿನ ಮೇಲೆ ಪರದೇಶಿಯ ಲಿಪಿಯ ಎರಡು ಅಕ್ಷರ ಕಂಡವು.

“ನಮ್ಮೂರ ಗಡಿಯಾರದ ಹೊಟ್ಟೇಲಿ ಇವನ ಹೆಸರಾ?” ಎಂದು ಅಣ್ಣ ಲೋಹ ಉಜ್ಜುವ ಅರ ತೆಗೆದು ಅವನ್ನು ಉಜ್ಜತೊಡಗಿದ.

ಬಿಚ್ಚದ ಯಂತ್ರದ ಮೇಲೆ ಅರ ಹಿಡಿಯಬಾರದೆಂದು ಅಪ್ಪ ನಮಗಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದರು. ಹಿತ್ತಾಳೆ ಪುಡಿ ಕೆಳಗಿನ ಎಣ್ಣೆ ಹಚ್ಚಿದ ಹಲ್ಲುಗಳ ಮೇಲೆ ಬೀಳುವುದನ್ನು ನಾನು ಕಣ್ಣಾರೆ ಕಂಡೆ. ಆದರೂ ಬಾಯಿ ಬಿಡಲಿಲ್ಲ. ಅಣ್ಣನಿಗೆ ಹೆದರಿಯಲ್ಲ. ಆ ಅಕ್ಷರಗಳು ಹೋಗಿ ಅಣ್ಣ ಗೀರಿದ ನಮ್ಮ ಮನೆತನದ ಗುರುತು ಮೂಡಿದಾಗ ನನಗೂ ಒಳಗೊಳಗೇ ಖುಷಿಯಾಯಿತು. ಥೂ.

ಇನ್ನೊಂದು ಮಾತು. ಈ ದೇಶದಲ್ಲಿ ಉಳಿಯಲು ಪರದೇಶಿಗೆ ವರ್ಷಕ್ಕೊಮ್ಮೆ ಅಂಗಡಿ ಮಾಲೀಕರ ಸಹಿ ಬೇಕು. ಆ ಕಾಗದ ಉದ್ಘಾಟನೆಯ ದಿನ ಸಂಜೆ ಐದರೊಳಗೆ ಕಚೇರಿಗೆ ತಲುಪದಿದ್ದರೆ ಅವನು ದೇಶ ಬಿಡಬೇಕಿತ್ತು. ನಮ್ಮಿಬ್ಬರಲ್ಲಿ ಯಾರ ಸಹಿಯಾದರೂ ನಡೆಯುತ್ತಿತ್ತು, ಆದರೆ ಹಾಕುತ್ತಿದ್ದವನು ಯಾವಾಗಲೂ ಅಣ್ಣನೇ. “ಮೊದ್ಲು ಗಡಿಯಾರ ಓಡ್ಲಿ,” ಎಂದು ವಾರದಿಂದ ಸತಾಯಿಸುತ್ತಿದ್ದ.

ಉದ್ಘಾಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಗರಸಭೆಯ ಅಧ್ಯಕ್ಷರು ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು. ಹತ್ತೂ ಏಳಕ್ಕೆ ಮುಳ್ಳು ನಿಂತಿತು.

“ನಂಗೊತ್ತಿತ್ತು! ಇದು ಇವನದೇ ಕೆಲ್ಸ. ನಮ್ಮ ಅನ್ನ ತಿಂದು ನಮ್ಗೇ ದ್ರೋಹ ಬಗೆಯೋ ಜನ ಇವ್ರು!” ಎಂದು ಅಣ್ಣ ಎಲ್ಲರೆದುರು ಕೂಗಿದ. ಜನರೂ ದನಿಗೂಡಿಸಿದರು. ಯಾರೋ ಒಬ್ಬ ಪರದೇಶಿಯ ಕಾಲರಿಗೆ ಕೈ ಹಾಕಿದ.

ಪರದೇಶಿ ಕೈ ಕೊಡವಿಕೊಂಡು ಮೇಲೆ ಹತ್ತಿದ. ಅಣ್ಣ, ಅಧ್ಯಕ್ಷರು, ನಾನು ಹಿಂದೆಯೇ ಹೋದೆವು. ಅವನು ಚಕ್ರ ಬಿಚ್ಚಿ, ಹಲ್ಲುಗಳ ಸಂದಿಯನ್ನು ಬಟ್ಟೆಯಲ್ಲಿ ಒರೆಸಿ, ಅದಕ್ಕೆ ಅಂಟಿದ್ದನ್ನು ಅಧ್ಯಕ್ಷರಿಗೆ ತೋರಿಸಿದ.

“ಅರದ ಪುಡಿ ಸರ್. ಇಲ್ಲಿ ಯಾರ ಗುರುತಿದ್ಯೋ ಅವ್ರನ್ನೇ ಕೇಳಿ.”

ಅಧ್ಯಕ್ಷರು ಬಗ್ಗಿ ತಗಡಿನ ಮೇಲಿದ್ದ ನಮ್ಮ ಮನೆತನದ ಗುರುತು ನೋಡಿದರು. ಅಣ್ಣನ ಮುಖ ಬಿಳಿಚಿಕೊಂಡಿತು.

“ಅದೂ ಇವನೇ ಗೀಚಿರ್ಬೇಕು,” ಎಂದ ಭಂಡ.

ನನಗೆ ಮೈ ಉರಿದುಹೋಯಿತು. “ಸಾಕು ಮಾಡೋ! ಉಜ್ಜಿದ್ದು ನೀನು. ನಾನಿಲ್ಲೇ ನಿಂತಿದ್ದೆ.”

“ನೀನು ಯಾವ ದೇಶದವಳೇ?” ಎಂದು ಅಣ್ಣ ಕಿರುಚಿದ.

ನಾನು ಪರದೇಶಿಯ ಜೇಬಿನಿಂದ ಇಣುಕುತ್ತಿದ್ದ ಕಾಗದ ಎಳೆದುಕೊಂಡು, ಗೋಡೆಗೆ ಒತ್ತಿ, ಸಹಿ ಹಾಕಿಕೊಟ್ಟೆ. ದೊಡ್ಡ ಉಪಕಾರ ಮಾಡಿದವಳಂತೆ ಅವನ ಮುಖ ನೋಡಿದೆ.

“ನಿನ್ನೆ ಉಜ್ಜುವಾಗ ನೀವು ಇಲ್ಲೇ ಇದ್ರಾ?” ಎಂದು ಕೇಳಿದ.

“ಇದ್ದೆ.”

ಅವನು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. “ಥ್ಯಾಂಕ್ಸ್, ಮೇಡಂ,” ಎಂದು ಚಕ್ರಗಳ ಕಡೆ ತಿರುಗಿದ.

ಇವತ್ತಿಗೂ ನಮ್ಮಲ್ಲೇ ದುಡಿಯುತ್ತಾನೆ. ನನ್ನನ್ನು ಮತ್ತೆ ಅಕ್ಕ ಎಂದಿಲ್ಲ.