ಮನೀಷಾಳ ಕೊರಳ ಕಾರ್ಡು

ಇದನ್ನು ಹೇಳಲು ನೀನು ಯಾರು ಎಂದು ಕೇಳಬಹುದು, ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಓದಿ ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಗುಮಾಸ್ತನಾದವನು ನಾನು. ಸೊಲ್ಲಾಪುರದ ಕಂಪನಿಯೊಂದರಿಂದ ಶರ್ವರಿ ಮೇಡಂ ಬಂದಾಗ, ಅವರ ಮರಾಠಿಯನ್ನು ಸಣ್ಣ ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವರ ಕಂಪನಿ ಮಾಡಹೊರಟಿದ್ದು ಮಕ್ಕಳ ಕೊರಳಿಗೆ ಹಾಕುವ ಕಾರ್ಡು. ಮಗು ಎಲ್ಲಿದೆಯೆಂದು ಮನೆಯವರ ಮೊಬೈಲಿಗೆ ತಿಳಿಸುತ್ತದೆ. ಅದು ಹೇಗಿರಬೇಕೆಂದು ಮಕ್ಕಳೇ ಹೇಳಲಿ ಎಂಬುದು ಮೇಡಂ ಅವರ ಆಸೆ.

“ಅದರಾಗ ಗೇಮ್ ಇರ್ಲಿರಿ,” ಎಂದ ನಿತಿನ.

“ನೀ ಕಳದ್ರ ಯಾರ್ ಹುಡುಕತಾರಲೇ? ನಿಂಗ್ಯಾಕ ಕಾರ್ಡು?” ಎಂದಳು ಮನೀಷಾ. ವರ್ಗವೆಲ್ಲ ನಕ್ಕಿತು. ಆಮೇಲೆ ಅವಳೇ ಎದ್ದು ನಿಂತಳು. “ಸರ, ನಮಗ ಬ್ಯಾಡಾದಾಗ ಬಂದ್ ಮಾಡಾಕ ಬರಬೇಕ್ರಿ.”

“ಯಾಕವಾ?”

“ಸುಮ್ಕ್ರಿ.”

ಕಾರಣ ಆಮೇಲೆ ತಿಳಿಯಿತು. ಅವಳ ತಾಯಿ ನಂದಾ, ಚಪಳಗಾಂವದ ಗಂಡನ ಮನೆ ಬಿಟ್ಟು ಮೈಂದರ್ಗಿಯ ತವರಿನಲ್ಲಿದ್ದಳು. ಅಲ್ಲಿಗೆ ಕಾಲಿಟ್ಟರೆ ಶಾಲೆ ಬಿಡಿಸುತ್ತೇನೆಂದು ತಂದೆ ಧರ್ಮರಾಜ ಮಗಳನ್ನು ಹೆದರಿಸಿದ್ದ. ಶನಿವಾರ ಶಾಲೆ ಬೇಗ ಬಿಟ್ಟಾಗ ಹುಡುಗಿ ಬಸ್ ಹತ್ತಿ ತಾಯಿಯನ್ನು ನೋಡಿಬರುತ್ತಿದ್ದಳು.

ಒಂದಿಷ್ಟು ದಿನ ಮಾದರಿ ಕಾರ್ಡು ಹಾಕಿಕೊಂಡು ನೋಡಿ, ನಿಮ್ಮ ಓಡಾಟವನ್ನು ಯಾರಿಗೂ ತೋರಿಸುವುದಿಲ್ಲ ಎಂದರು ಮೇಡಂ. ಅದನ್ನೂ ನಾನೇ ಕನ್ನಡದಲ್ಲಿ ಹೇಳಿದೆ.

“ನಮ್ಮ ಅಪ್ಪಗೂ ಇಲ್ರಿ?” ಎಂದು ಮನೀಷಾ ಕೇಳಿದಳು. ಮೇಡಂ ಇಲ್ಲವೆಂದು ತಲೆಯಾಡಿಸಿದರು.

“ಅಪ್ಪಗೂ ಇಲ್ಲವಾ,” ಎಂದೆ.

ಕಾರ್ಡು ತಯಾರಾದಾಗ ಸೊಲ್ಲಾಪುರದಲ್ಲಿ ಸಭೆ ನಡೆಯಿತು. ಪಾಲಕರೂ ಬಂದಿದ್ದರು. ಮಕ್ಕಳು ಕೇಳಿದ ಬಣ್ಣ, ಆಕಾರ ಎಲ್ಲ ಇತ್ತು. ಬಂದ್ ಮಾಡುವ ಗುಂಡಿ ಇರಲಿಲ್ಲ. ಪಾಲಕರು ಒಪ್ಪುವುದಿಲ್ಲ ಎಂದರು ಮೇಡಂ. ಆದರೂ ಜಾಣ ಹುಡುಗಿಯೆಂದು ಮನೀಷಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕೊಟ್ಟ ಮಾತು ಮರೆತಿತ್ತೇನೋ, ಅವಳ ಗೌರವಕ್ಕೆಂದೇ ಅವಳ ಕಾರ್ಡಿನ ಓಡಾಟವನ್ನು ಪರದೆಯ ಮೇಲೆ ತೋರಿಸಿದರು. ಚಪಳಗಾಂವ, ಅಕ್ಕಲಕೋಟೆ, ಮೈಂದರ್ಗಿ. ಮತ್ತೆ ಮೈಂದರ್ಗಿ. ಜನ ಚಪ್ಪಾಳೆ ತಟ್ಟಿದರು.

ಮನೀಷಾ ನನ್ನತ್ತ ನೋಡಿದಳು.

ಧರ್ಮರಾಜ ಎದ್ದು ಬಂದು ಮೇಡಂಗೆ ಕೈಮುಗಿದ. “ಲಯ್ ಭಾರಿ ಮಶೀನ್ ಮಾಡೀರಿ. ನಮ್ಮ ಮನ್ಯಾಗಿನ ಕಳ್ಳಿ ಸಿಕ್ಕಳು.” ಮಗಳ ರಟ್ಟೆ ಹಿಡಿದ. “ನಡಿ. ಸಾಲಿ ಸಾಕು.”

“ಧರ್ಮರಾಜಣ್ಣ, ಸಣ್ಣ ಹುಡುಗಿ ಅದ. ಅವ್ವನ್ನ ನೋಡಾಕ ಹೋಗ್ಯಾಳ, ಅಷ್ಟ,” ಎಂದೆ.

“ಸರ, ನೀವು ಹಾಜರಿ ಬರ್ಕೋತ ಇರ್ರಿ. ನಮ್ಮ ಮನಿ ಉಸಾಬರಿ ನಿಮಗ ಬ್ಯಾಡ.”

ಸೋಮವಾರ ಅವಳು ಬರಲಿಲ್ಲ, ಆಮೇಲೂ ಬರಲಿಲ್ಲ. ಚಪಳಗಾಂವಕ್ಕೆ ಹೋಗಿ ಕೇಳಿದೆ. “ಅತ್ತಿ ಊರಿಗೆ ಕಳಿಸೀವ್ರಿ,” ಎಂದಳು ಅಜ್ಜಿ ಗುರುಬಾಯಿ. ಯಾವ ಊರೆಂದು ಹೇಳಲಿಲ್ಲ. ನಂದಾ ಶಾಲೆಯ ಗೇಟಿಗೆ ಬಂದು ಕೇಳಿದಾಗ ಅಷ್ಟನ್ನೇ ಹೇಳಿದೆ. ಮನೀಷಾ ಎಲ್ಲಿದ್ದಾಳೆ, ಓದುತ್ತಿದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.