ಮೂವತ್ತೆಂಟರಲ್ಲಿ ನಿಂತ ಪರದೆ

2025ರ ಫೆಬ್ರುವರಿ 27, ಗುರುವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಮೇಘಾಗೆ ತನ್ನ ತಪ್ಪು ಸಿಕ್ಕಿತು. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಮಹಡಿಯ ಕೋಣೆಯೊಂದರಲ್ಲಿ ಅವಳು ಬೀಜ ಒಣಗಿಸುವ ಯಂತ್ರಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡಿಕೊಡುತ್ತಿದ್ದಳು. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್, ಹೊರಗೆ ಅಂಕಿ ತೋರಿಸುವ ಪರದೆ. ಬಿಸಿಗಾಳಿಯ ತಾಪ ಓದುತ್ತಿದ್ದು, 40 ಡಿಗ್ರಿ ಮುಟ್ಟಿದ ಕೂಡಲೇ ಗ್ಯಾಸ್ ಬರ್ನರ್ ಆರಿಸುವುದು ಆ ಕಂಪ್ಯೂಟರಿನ ಕೆಲಸ. ಬಿಸಿ ಅದಕ್ಕಿಂತ ಬಹಳ ಏರಿದರೆ ಬೀಜ ಮೊಳೆಯುವುದಿಲ್ಲ. ತಪ್ಪು ಇದ್ದದ್ದು ಅದರ ಕರ್ನೆಲ್‌ಗೆಂದು, ಅಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಮಿಗೆಂದು, ಅವಳೇ ಬರೆದ ಡ್ರೈವರ್‌ನಲ್ಲಿ, ಸೆನ್ಸರ್ ಓದುವ ತುಣುಕಿನಲ್ಲಿ. ಒಂದೇ ಸಾಲು.

ಮೆಮೊರಿಯಿಂದ ಓದಿದ್ದರ ಒಂದು ನಕಲನ್ನು ಪ್ರೊಸೆಸರ್ ತನ್ನ ಪಕ್ಕದಲ್ಲೇ ಇರುವ ಕ್ಯಾಶ್ ಎಂಬ ಪುಟ್ಟ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಕೇಳಿದರೆ ಆ ನಕಲನ್ನೇ ಕೊಡುತ್ತದೆ. ಕೆಲಸ ಬೇಗ ಆಗುತ್ತದೆ. ಆದರೆ ತಾಪದ ಅಂಕಿ ಬಂದು ಬೀಳುವ ಜಾಗ ಸಾಧಾರಣ ಮೆಮೊರಿಯಲ್ಲ. ಅಲ್ಲಿಯ ಅಂಕಿಯನ್ನು ಬದಲಾಯಿಸುವುದು ಹೊರಗಿನ ಸೆನ್ಸರ್. ಪ್ರೊಸೆಸರ್‌ಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದ ಆ ಜಾಗದ ನಕಲು ಇಡಬೇಡ, ಪ್ರತಿ ಸಲ ಅಲ್ಲಿಗೇ ಹೋಗಿ ಓದು ಎಂದು ಕರ್ನೆಲ್‌ಗೆ ಮೊದಲೇ ಹೇಳಿಡಬೇಕು. ಡಿಸೆಂಬರಿನವರೆಗೆ ಮೇಘಾ ಹಾಗೆಯೇ ಹೇಳಿದ್ದಳು. ಹಾವೇರಿಯ ಕೃಷಿ ಪ್ರದರ್ಶನದಲ್ಲಿ ಯಾರೋ ಒಬ್ಬರು “ನಿಮ್ಮ ಪರದೆ ಭಾಳ ಮೆಲ್ಲಕ ಓಡತೈತ್ರಿ” ಎಂದು ನಕ್ಕರು. ಮರುದಿನವೇ ಅವಳು ಆ ಜಾಗವನ್ನೂ ಸಾಧಾರಣ ಮೆಮೊರಿಯ ಗುಂಪಿಗೆ ಸೇರಿಸಿದಳು.

ಅವಳ ಮೇಜಿನ ಮೇಲೆ ಅದು ಸರಿಯಾಗಿಯೇ ನಡೆಯಿತು. ಪರೀಕ್ಷೆಯ ಹೊತ್ತಿನಲ್ಲಿ ಗ್ರಾಫು, ಕ್ಯಾಮೆರಾ, ಇನ್ನೂ ಏನೇನೋ ಒಟ್ಟಿಗೆ ಓಡುತ್ತಿದ್ದವು. ಆ ಗದ್ದಲ ಹಳೆಯ ನಕಲನ್ನು ಕ್ಯಾಶ್‌ನಿಂದ ಹೊರದೂಡುತ್ತಿತ್ತು, ಹೊಸ ಅಂಕಿ ಬರುತ್ತಿತ್ತು. ಆದರೆ ಅವಳ ಪೆಟ್ಟಿಗೆ ಕೂರಿಸಿದ್ದ ಕುಪ್ಪೇಲೂರಿನ ಬೀಜ ಒಣಗಿಸುವ ಶೆಡ್ಡಿನಲ್ಲಿ ಓಡುತ್ತಿದ್ದದ್ದು ಒಂದೇ ಪ್ರೋಗ್ರಾಂ. ಶುರುವಿನ ಗಡಿಬಿಡಿ ಮುಗಿದ ಮೇಲೆ ಆ ನಕಲನ್ನು ಕದಲಿಸುವವರು ಯಾರೂ ಇರಲಿಲ್ಲ. ಅಂಕಿ 38ರಲ್ಲಿ ನಿಂತಿತು. ಬರ್ನರ್ ಉರಿಯುತ್ತಲೇ ಹೋಯಿತು.

ಬರ್ನರ್ ಹಾಗೆ ಉರಿದ ದಿನ ಟ್ರೇಗಳಲ್ಲಿ ಇದ್ದದ್ದು ರೇಣುಕವ್ವನ ಹೈಬ್ರಿಡ್ ಮೆಣಸಿನಕಾಯಿ ಬೀಜ. ಕೀಟ ಬಾರದಂತೆ ಬಲೆ ಹೊದಿಸಿದ ಮನೆಯೊಳಗೆ ಬಗ್ಗಿ ಕೂತು, ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿ, ಗುರುತಿಗೆ ದಾರ ಸುತ್ತಿ ಬೆಳೆದದ್ದು. ಮೊಳಕೆ ಬರಲಿಲ್ಲವೆಂದು ಬೀಜದ ಕಂಪನಿ ಚೀಲಗಳನ್ನು ವಾಪಸ್ ಕಳಿಸಿತು. ಶೆಡ್ಡಿನ ಮಾಲೀಕ ಸೋಮಣ್ಣ ಫೋನ್ ಮಾಡಿದಾಗ ಮೇಘಾ ಯಂತ್ರದ ದಾಖಲೆ ನೋಡಿ, ತಡವರಿಸದೆ ಉತ್ತರಿಸಿದ್ದಳು: “ಮಷೀನು ಮೂವತ್ತೆಂಟು ದಾಟೇ ಇಲ್ರಿ. ಯಾರೋ ಬರ್ನರ್‌ಗೆ ಕೈ ಹಾಕ್ಯಾರ.”

ಆ ಶೆಡ್ಡಿನಲ್ಲಿ ‘ಯಾರೋ’ ಎಂದರೆ ನಯಾಜ. ಯಂತ್ರ ನಡೆಸುವವನು ಅವನೊಬ್ಬನೇ.

ತಿದ್ದಿದ ಪ್ರೋಗ್ರಾಂ ಇದ್ದ ಮೆಮೊರಿ ಕಾರ್ಡ್ ಹಿಡಿದು ಅವಳು ಕುಪ್ಪೇಲೂರಿನ ಬಸ್ ಹತ್ತಿದಳು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಆ ಲೆಕ್ಕಾಚಾರ ತನ್ನ ತಲೆಯಲ್ಲಿ ಇಷ್ಟು ಸಲೀಸಾಗಿ ನಡೆಯುತ್ತಿರುವುದನ್ನು ಕಂಡು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಶೆಡ್ಡಿನ ಮುಂದೆ ನಯಾಜ ಟ್ರೇ ತೊಳೆಯುತ್ತಿದ್ದ. ಕಟ್ಟೆಯ ಮೇಲೆ ಕೂತಿದ್ದ ರೇಣುಕವ್ವ ಅವನನ್ನು ಬಿಟ್ಟಿರಲಿಲ್ಲ.

“ಯಾಕೋ ನಯಾಜಾ, ನಾ ಬೀಜ ಒಣಗಸಾಕ ಕೊಟ್ಟಿದ್ನೋ, ಚಟ್ನಿಗೆ ಹುರ್ಯಾಕ ಕೊಟ್ಟಿದ್ನೋ?”

ನಯಾಜ ಇನ್ನೊಂದು ಟ್ರೇಗೆ ನೀರು ಸುರಿದ.

“ಬರ್ರಿ ಮೇಡಮ್ಮಾರ, ಕುಂದರ್ರಿ,” ಎಂದ ಸೋಮಣ್ಣ. “ಮಷೀನು ಚಲೋ ಐತಿ ಅಂದಿದ್ರಿ, ಮತ್ಯಾಕ ಬಿಸಲಾಗ ಬಂದ್ರಿ?”

“ಹೊಸಾ ಪ್ರೋಗ್ರಾಂ ಹಾಕಾಕ ಬಂದೇನ್ರಿ.”

ಅದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಅವಳು ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದಾಗ ನಯಾಜ ಸ್ಟೂಲು ತಂದಿಟ್ಟು, ದನಿ ತಗ್ಗಿಸಿದ.

“ಅಕ್ಕಾರ, ಭಾಳ ವಿಚಾರ ಮಾಡಿದ್ನಿರಿ. ನಾನ ಕೈ ಹಾಕಿರಬೇಕ್ರಿ. ನಮಾಜಿಗೆ ಹೋಗೋಮುಂದ ಗ್ಯಾಸ್ ಕಮ್ಮಿ ಮಾಡಾಕ ಹೋಗಿ ಜಾಸ್ತಿ ತಿರುವಿದ್ನೇನೋ.”

“ನೆನಪೈತೇನು?”

“ಇಲ್ರಿ. ಆದ್ರ ಮಷೀನಿನ್ಯಾಗ ಮೂವತ್ತೆಂಟು ಅಂತ ಬರದೈತಲ್ರಿ. ಅದಕ್ಕೇನು ಸುಳ್ಳು ಹೇಳೋ ದರ್ದ ಐತ್ರಿ? ಇವತ್ತ ರೇಣುಕವ್ವನ ಕಾಲು ಹಿಡದು ಒಪ್ಕೊಂಡ ಬಿಡ್ತೀನ್ರಿ.”

ಮೇಘಾಳ ಬೆರಳುಗಳಲ್ಲಿ ಕಾರ್ಡ್ ಇತ್ತು. ಮಾಡದ ಕೆಲಸವನ್ನು ಇವನು ಮಾಡಿದ್ದೇನೆಂದು ನಂಬಿದ್ದ. ನಂಬಿಸಿದ್ದು ಅವಳ ಅಂಕಿ. ಅವಳು ಕಾರ್ಡನ್ನು ಚೀಲಕ್ಕೆ ಹಾಕಿ ಹೊರಗೆ ಬಂದಳು.

“ಸೋಮಣ್ಣಾರ, ನಯಾಜ ಏನೂ ಮಾಡಿಲ್ರಿ. ತಪ್ಪು ನಂದು. ಪರದೆ ಹಳೇ ಅಂಕಿನ ಹಿಡಕೊಂಡ ಕುಂತಿತ್ರಿ. ಅದನ್ನ ಹಂಗ ಕುಂದ್ರಸಿದಾಕಿ ನಾನ.”

“ಮತ್ತ ಫೋನಿನ್ಯಾಗ ಅಷ್ಟ ಖಾತ್ರಿಲೆ ಹೇಳಿದ್ರಿ? ನೋಡೇನಿ ಅಂದ್ರಿ?”

“ನೋಡಿದ್ದು ಖರೇರಿ. ನಾ ಮಾಡಿದ್ದನ್ನ ನಾನ ನೋಡಿ, ನಾನ ಶಾಬಾಸ್ ಅಂದ್ನಿ.”

ರೇಣುಕವ್ವ ನಂಬಲಿಲ್ಲ. “ಅವನ ಮಾರಿ ನೋಡಿ ಕನಿಕರ ಬಂತೇನ ನಿನಗ? ನನ್ನ ಬೀಜದ ಮ್ಯಾಲೆ ಯಾರಿಗೂ ಬರ್ಲಿಲ್ಲಲ್ಲ.”

“ಕನಿಕರ ಅಲ್ಲಬೇ. ತೋರಸ್ತೀನಿ, ಬಾ.”

ಖಾಲಿ ಟ್ರೇಗಳನ್ನು ಒಳಗೆ ಸೇರಿಸಿ, ಹಳೆಯ ಪ್ರೋಗ್ರಾಮಿನಲ್ಲಿಯೇ ಯಂತ್ರ ಹಚ್ಚಿದಳು. ಗಾಳಿ ಬರುವ ಬಾಯಲ್ಲಿ ತನ್ನ ಗಾಜಿನ ಥರ್ಮಾಮೀಟರ್ ತೂಗುಹಾಕಿದಳು. ಪರದೆಯ ಅಂಕಿ ಮೇಲೇರಿತು, ಇನ್ನಷ್ಟು ಏರಿತು, ನಿಂತಿತು. ಬರ್ನರಿನ ನೀಲಿ ಉರಿ ನಿಲ್ಲಲಿಲ್ಲ. ಬಿಸಿಗೆ ಯಂತ್ರದ ಬಳಿ ನಿಲ್ಲಲಾಗದೆ ಸೋಮಣ್ಣ ಹಿಂದೆ ಸರಿದ.

“ನಯಾಜಣ್ಣಾ, ಆ ಥರ್ಮಾಮೀಟರ್ ತಗದು ಎಲ್ಲಾರಿಗೂ ಕೇಳೂ ಹಂಗ ಓದು.”

ನಯಾಜ ಬಟ್ಟೆಯಲ್ಲಿ ಸುತ್ತಿ ಹಿಡಿದು ತೆಗೆದ. ಓದುವ ಮೊದಲು, ಅಪ್ಪಣೆ ಕೇಳುವವನಂತೆ, ಪರದೆಯ ಕಡೆ ನೋಡಿದ.

“ಅದನ್ನ ನೋಡಬ್ಯಾಡೋ,” ಎಂದಳು ಮೇಘಾ. “ಕೈಯಾಗಿಂದು ಓದು.”

ಅವನು ಓದಿದ. ರೇಣುಕವ್ವ ಎದ್ದು ಬಂದು ಅವನ ಕೈಯಲ್ಲಿದ್ದುದನ್ನು ನೋಡಿದಳು, ಪರದೆ ನೋಡಿದಳು, ಆಮೇಲೆ ಮೇಘಾಳನ್ನು ನೋಡಿದಳು. ಮೇಘಾ ಕಣ್ಣು ತಗ್ಗಿಸಿ ಬರ್ನರ್ ಆರಿಸಿದಳು.

ಈ ಸಲ ಪರದೆ ನಿಂತದ್ದು 36 ಡಿಗ್ರಿಯಲ್ಲಿ. ಗಾಜಿನ ಥರ್ಮಾಮೀಟರಿನಲ್ಲಿ 51 ಡಿಗ್ರಿ.