ಹಸಿರು ತೋರಿಸಿದ ನೀರು

ತೋಪಿನಹಳ್ಳಿಯ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಧಿಕಾರ ಮುನಿತಾಯಮ್ಮನ ಕೈಗೆ ಬಂದು ವರ್ಷದ ಮೇಲಾಗಿತ್ತು. ಅಧಿಕಾರ ಎಂದರೆ ಕುರ್ಚಿ, ಜೀಪು ಏನೂ ಅಲ್ಲ. ಒಂದು ನೀಲಿ ಪೆಟ್ಟಿಗೆ, ಅದರ ತುಂಬ ಪುಟ್ಟ ಪುಟ್ಟ ಶೀಶೆಗಳು, ಮತ್ತು ಅವಳ ಫೋನಿನಲ್ಲಿ ಕೂತಿದ್ದ ಸರ್ಕಾರದ ಒಂದು ಆ್ಯಪು. ಸ್ತ್ರೀಶಕ್ತಿ ಸಂಘದ ಹೆಂಗಸರಲ್ಲಿ ಫೋನು ಚೆನ್ನಾಗಿ ಒತ್ತಲು ಬರುವವಳು ಇವಳೇ ಎಂದು ಪಂಚಾಯಿತಿಯವರು ಹತ್ತಿರದ ವಿಜಯಪುರಕ್ಕೆ ಕರೆಸಿ ಒಂದು ದಿನ ತರಬೇತಿ ಕೊಟ್ಟು ಕಳಿಸಿದ್ದರು. ನಲ್ಲಿ ನೀರನ್ನು ಶೀಶೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಬೇಕು. ಕಪ್ಪಾದರೆ ನೀರಿನಲ್ಲಿ ಹೊಲಸು ಸೇರಿದೆ ಎಂದರ್ಥ. ಕೆಂಪು ಗುಂಡಿ ಒತ್ತಬೇಕು. ಕಪ್ಪಾಗದಿದ್ದರೆ ಹಸಿರು. ಒತ್ತಿದ್ದು ತಕ್ಷಣ ಜಿಲ್ಲೆಗೆ, ರಾಜ್ಯಕ್ಕೆ, ದೆಹಲಿಗೂ ಹೋಗುತ್ತದಂತೆ.

ಮುನಿತಾಯಮ್ಮ ಇಲ್ಲಿಯವರೆಗೆ ಒತ್ತಿದ್ದೆಲ್ಲ ಹಸಿರೇ. ಊರಿಗೂ ಹೆಮ್ಮೆ, ಅವಳಿಗೂ ಹೆಮ್ಮೆ. ಬೆಚ್ಚಗಿನ ಜಾಗಕ್ಕೇನೂ ಬರವಿರಲಿಲ್ಲ. ಮನೆ ಹಿಂದೆಯೇ ರೇಷ್ಮೆ ಹುಳು ಸಾಕುವ ಹುಳು ಮನೆ ಇತ್ತು. ಚಳಿಗಾಲದಲ್ಲಿ ಮನೆಯವರು ನಡುಗಿದರೂ ಹುಳುಗಳು ನಡುಗುವಂತಿಲ್ಲ, ಅಲ್ಲಿ ಯಾವಾಗಲೂ ಕೆಂಡದ ಕಾವು. ಹುಳು ತಟ್ಟೆಗಳ ಪಕ್ಕದ ಗೋಡೆಗೂಡಿನಲ್ಲಿ ಶೀಶೆಗಳನ್ನು ಸಾಲಾಗಿ ನಿಲ್ಲಿಸಿದರೆ ಆಯಿತು.

ಈ ಹಸಿರನ್ನು ನಂಬಿಸಲು ಅವಳು ಪಟ್ಟ ಪಾಡು ಕಡಿಮೆಯದಲ್ಲ. ವಿಮಾನ ನಿಲ್ದಾಣ ಬಂದಮೇಲೆ ಊರಿನವರಿಗೆ ಕ್ಯಾನಿನ ನೀರಿನ ಚಾಳಿ ಹತ್ತಿತ್ತು. ಶೀಟಿನ ಬಾಡಿಗೆ ರೂಮು ಕಟ್ಟಿಸಿದವನೂ ಕ್ಯಾನು, ಅದರಲ್ಲಿ ಬಾಡಿಗೆಗಿದ್ದ ಕಾರ್ಗೋ ಕೆಲಸದ ಹುಡುಗನೂ ಕ್ಯಾನು. ಇವಳು ಮನೆಮನೆಗೆ ಹೋಗಿ ಫೋನು ತೋರಿಸಿ, ನೆಲದ ನೀರು ನಮ್ಮದು, ಕಾಸು ಕೊಟ್ಟು ಪ್ಲಾಸ್ಟಿಕ್ ಯಾಕೆ ತರ್ತೀರಿ ಎಂದು ಜಗಳವಾಡಿ ಒಬ್ಬೊಬ್ಬರನ್ನೇ ನಲ್ಲಿಗೆ ತಿರುಗಿಸಿದ್ದಳು. ಮೊನ್ನೆ ಮಗಳು ಸಿಂಚನ ಏಳನೇ ತಿಂಗಳ ಬಸುರಿಯಾಗಿ ಹೊಸಕೋಟೆಯಿಂದ ತವರಿಗೆ ಬಂದಾಗ ಅಳಿಯ ನವೀನ್‌ಕುಮಾರ್ ಕಾರಿನಲ್ಲಿ ಎರಡು ಕ್ಯಾನು ನೀರು ಹಾಕಿಕೊಂಡು ಬಂದಿದ್ದ. ಮುನಿತಾಯಮ್ಮನಿಗೆ ಮೂಗಿನ ಮೇಲೆ ಕೋಪ. ಕ್ಯಾನು ಇಳಿಸುವುದಕ್ಕೇ ಬಿಡಲಿಲ್ಲ.

"ನಮ್ಮೂರ ನೀರು ನಾನೇ ನೋಡೋದು ಕಣಪ್ಪ. ನಿಮ್ಮ ಕ್ಯಾನ್ ನೀರನ್ನ ಯಾರ್ ನೋಡ್ತಾರೆ?" ಎಂದು ವಾಪಸ್ಸು ಕಳಿಸಿದ್ದಳು. ಅಳಿಯ ಪಾಪ, ಅತ್ತೆಯ ಎದುರು ಏನು ಮಾತಾಡಿಯಾನು.

ಅದಾಗಿ ಎರಡನೇ ದಿನ ಬೆಳಿಗ್ಗೆ ಅವಳು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಗೋಪಾಲಪ್ಪ ಬಂದು ಬಾಗಿಲ ಹೊರಗೇ ನಿಂತ. ಪಂಚಾಯಿತಿಯ ವಾಟರ್‌ಮ್ಯಾನ್ ಅವನು. ಮೋಟರು ಹಾಕುವುದು, ಟ್ಯಾಂಕು ತುಂಬಿಸುವುದು, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದು ಅವನ ಕೆಲಸ. ಮುಖ ನೋಡಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲದವನ ಹಾಗಿತ್ತು.

"ಅಕ್ಷತನ್ನ ದೇವನಹಳ್ಳಿ ಆಸ್ಪತ್ರೆಗೆ ಹಾಕಿದ್ದೀವಿ ಅಕ್ಕಾ. ಕಾಮಾಲೆಯಂತೆ. ಕಣ್ಣೆಲ್ಲ ಅರಿಶಿನ ಆಗೋಗದೆ."

ಅಕ್ಷತ ಅವನ ಮಗಳು, ಹೈಸ್ಕೂಲಿನಲ್ಲಿ ಓದುವ ಹುಡುಗಿ. ಮುನಿತಾಯಮ್ಮ ಸೊಪ್ಪಿನ ಕುಕ್ಕೆ ಕೆಳಗಿಟ್ಟಳು.

"ಡಾಕ್ಟ್ರು ಯಾವ ನೀರು ಕುಡೀತೀರಿ ಅಂದ್ರು. ನಮ್ಮೂರ ನೀರು ಫೋನಲ್ಲಿ ಹಸಿರು ಅದೆ ಸಾ ಅಂದೆ. ಟ್ಯಾಂಕಿಗೆ ಪುಡಿ ಯಾವಾಗ ಹಾಕಿದ್ದು ಅಂದ್ರು." ಗೋಪಾಲಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. "ಅಕ್ಕಾ, ನೀನು ಸರಿಯಾಗಿ ನೋಡ್ತಾ ಇದ್ದೀಯಾ?"

"ಏನ್ ಮಾತು ಅಂತ ಆಡ್ತೀಯ? ಶೀಶೆ ಒಂದೇ ಅಲ್ಲ, ಪುಡಿ ಇದೆಯೋ ಇಲ್ವೋ ಅಂತಾನೂ ನೋಡ್ತೀನಿ. ಎರಡು ತೊಟ್ಟು ಔಷಧಿ ಬಿಟ್ರೆ ನೀರು ಹಳದಿಗೆ ತಿರುಗ್ತದೆ. ಪ್ರತಿ ಸಲಾನೂ ತಿರುಗೈತೆ. ನೀನು ಪುಡಿ ಹಾಕಿದ್ದಕ್ಕೇ ಅಲ್ವಾ ಅದು?"

ಗೋಪಾಲಪ್ಪ ತಲೆ ತಗ್ಗಿಸಿದ.

"ಹಾಕಿಲ್ಲ ಅಕ್ಕಾ. ದೀಪಾವಳಿ ಆದ್ಮೇಲೆ ಹಾಕೇ ಇಲ್ಲ. ಮೂಟೆ ಒದ್ದೆಯಾಗಿ ಕಲ್ಲಾಗೋಯ್ತು. ಹೊಸದು ಕೊಡಿ ಅಂತ ಕೇಳ್ದೆ, ನಾಳೆ ನಾಡಿದ್ದು ಅಂದ್ರು. ನಿನ್ ಫೋನಲ್ಲಿ ಪುಡಿ ಅದೆ ಅಂತ ಬರ್ತಿತ್ತಲ್ಲ, ಹಳೇದೇ ಇನ್ನೂ ಕೆಲ್ಸ ಮಾಡ್ತಾ ಅದೆ ಅಂದ್ಕೊಂಡು ಸುಮ್ನಾಗ್ಬಿಟ್ಟೆ."

ಹೇಳಿ ನಿಲ್ಲಲಿಲ್ಲ, ಆಸ್ಪತ್ರೆಗೆ ಊಟ ಒಯ್ಯಬೇಕು ಎಂದು ಹೊರಟುಹೋದ. ಮುನಿತಾಯಮ್ಮ ಹುಳು ಮನೆಯ ಹೊಸ್ತಿಲಲ್ಲೇ ನಿಂತಳು. ದೀಪಾವಳಿಯಿಂದ ಟ್ಯಾಂಕಿಗೆ ಪುಡಿ ಬಿದ್ದಿಲ್ಲ. ಹಾಗಿದ್ದರೆ ತಾನು ನೋಡಿದ ನೀರಿಗೆ ಪುಡಿ ಬಂದದ್ದೆಲ್ಲಿಂದ?

ಅವಳ ಕಣ್ಣು ಕಾಲ ಬಳಿ ಇದ್ದ ಬೇಸಿನ್ನಿನ ಮೇಲೆ ಬಿತ್ತು. ಹುಳು ಸಾಕುವ ಮನೆಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು. ಕೈಕಾಲು ಅದರಲ್ಲಿ ಅದ್ದದೆ ಯಾರೂ ಒಳಗೆ ಕಾಲಿಡುವಂತಿಲ್ಲ. ರೋಗ ಹೊಕ್ಕರೆ ಒಂದು ಬೆಳೆ ಹುಳು ಒಂದೇ ವಾರದಲ್ಲಿ ಕೊಳೆತು ನೆಲಸಮ. ಅವಳ ಅತ್ತೆ ಕಲಿಸಿದ ಮೊದಲ ಪಾಠ ಅದು. ಕುಕ್ಕೆ, ಕತ್ತಿ, ತಟ್ಟೆ, ಎಲ್ಲಕ್ಕೂ ಆ ಸ್ನಾನ. ನೀರು ಹಿಡಿಯುವ ಸ್ಟೀಲ್ ಚೊಂಬಿಗೂ. ಸರ್ಕಾರದ ಕೆಲಸ, ಚೊಂಬು ಶುದ್ಧವಾಗಿರಲಿ ಎಂದು ಪ್ರತಿ ಸಲ ಅದನ್ನು ಈ ಬೇಸಿನ್ನಿನಲ್ಲಿ ಮುಳುಗಿಸಿ, ಎರಡು ಸಲ ಕೊಡವಿ, ಹಾಗೇ ನಲ್ಲಿಗೆ ಹಿಡಿಯುತ್ತಿದ್ದಳು. ತೊಳೆಯುತ್ತಿರಲಿಲ್ಲ. ತೊಳೆದರೆ ಮತ್ತೆ ಮೈಲಿಗೆಯಾಯಿತಲ್ಲ!

ಮೊದಲು ಆ ಚೊಂಬನ್ನು ಎಂದಿನಂತೆ ಬೇಸಿನ್ನಿನಲ್ಲಿ ಅದ್ದಿ ಕೊಡವಿ, ಹಿತ್ತಲ ನಲ್ಲಿಯಿಂದ ನೀರು ಹಿಡಿದು ಎರಡು ತೊಟ್ಟು ಔಷಧಿ ಬಿಟ್ಟಳು. ಹಳದಿ. ಆಮೇಲೆ ಬಿಸಿನೀರಿನಲ್ಲಿ ತೊಳೆದ ಗಾಜಿನ ಲೋಟಕ್ಕೆ ನೇರವಾಗಿ ನಲ್ಲಿಯಿಂದ ಹಿಡಿದು ಎರಡು ತೊಟ್ಟು ಬಿಟ್ಟಳು. ಕಾದಳು. ಅಲ್ಲಾಡಿಸಿದಳು. ಬೆಳಕಿಗೆ ಹಿಡಿದಳು. ನೀರು ನೀರಾಗಿಯೇ ಇತ್ತು, ಒಂದಿಷ್ಟೂ ಬಣ್ಣ ಬರಲಿಲ್ಲ. ಇಷ್ಟು ದಿನ ಅವಳು ಪರೀಕ್ಷೆ ಮಾಡಿದ್ದು ಊರಿನ ನೀರನ್ನಲ್ಲ, ತನ್ನ ಬೇಸಿನ್ನನ್ನು. ಶೀಶೆ ಕಪ್ಪಾಗುವುದಾದರೂ ಹೇಗೆ? ಹೊಲಸನ್ನು ಚೊಂಬಿನಲ್ಲೇ ಕೊಂದು ಶೀಶೆಗೆ ತುಂಬುತ್ತಿದ್ದಳಲ್ಲ.

ಒಂದು ಹೊಸ ಶೀಶೆ ತೆರೆದು ನೇರವಾಗಿ ನಲ್ಲಿ ನೀರು ತುಂಬಿ ಗೂಡಿನಲ್ಲಿಟ್ಟಳು. ನಾಳೆ ಮಧ್ಯಾಹ್ನದವರೆಗೆ ಕಾಯಬೇಕು.

ಅಲ್ಲಿಂದ ಅವಳು ಮೊದಲು ಓಡಿದ್ದು ಅಡುಗೆಮನೆಗೆ. ಸಿಂಚನ ಬಿಂದಿಗೆಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ಮುನಿತಾಯಮ್ಮ ಲೋಟ ಕಸಿದುಕೊಂಡಳು. ಬಸುರಿಗೆ ಕಾಮಾಲೆ ಹತ್ತಿದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ತರಬೇತಿಯಲ್ಲೇ ಹೇಳಿದ್ದರು. ಆ ಮಾತು ಈಗ ಕಿವಿಯಲ್ಲಿ ಬಿಡದೆ ಕೇಳಿಸುತ್ತಿತ್ತು.

"ಏನಮ್ಮ?"

"ಚಳಿ ಜಾಸ್ತಿ. ಇವತ್ತಿಂದ ನೀನು ಕಾಯಿಸಿದ ನೀರೇ ಕುಡೀಬೇಕು. ನಾನೇ ಕಾಯಿಸ್ಕೊಡ್ತೀನಿ."

"ಮೊನ್ನೆ ಅಷ್ಟು ಜಗಳ ಮಾಡ್ದೆ?"

"ಹೇಳಿದ್ದು ಕೇಳು."

ಗಂಡ ಅಪ್ಪಯ್ಯಣ್ಣನಿಗೆ ಮಾತ್ರ ಎಲ್ಲ ಹೇಳಿದಳು. ಅವನು ಬೀಡಿ ಆರಿಸಿದ.

"ಶೀಶೆ ಕಪ್ಪಗಾಗ್ಲಿ ತಡೀ. ಆಗದೇನೂ ಇರಬೌದು. ಸುಮ್ನೆ ಊರ್ನೆಲ್ಲ ಹೆದರ್ಸಿ ನಿನ್ ಹೆಸರು ಯಾಕ್ ಕೆಡಿಸ್ಕೊಂತೀಯ? ಒಂದು ದಿನ ತಾನೆ."

ಅವಳಿಗೆ ಬೇಕಾಗಿದ್ದದ್ದೂ ಆ ಮಾತೇ. ತಾನಾಗಿ ಅಂದುಕೊಳ್ಳಲು ನಾಚಿಕೆ, ಗಂಡನ ಬಾಯಿಂದ ಬಂದರೆ ಸಲಹೆ. ಒಂದು ದಿನ ತಾನೆ ಎಂದು ಅವಳೂ ಅಂದುಕೊಂಡಳು.

ಆ ಸಂಜೆ ಮಾತ್ರ ಅವಳು ಯಾವತ್ತೂ ಕೇಳದಂತೆ ನೀರಿನ ಸದ್ದು ಕೇಳಿದಳು. ಗೋಪಾಲಪ್ಪನ ತಮ್ಮ ಬಂದು ಗೇಟ್‌ವಾಲ್ ತಿರುಗಿಸಿದ. ಬೀದಿಯುದ್ದಕ್ಕೂ ನಲ್ಲಿಗಳು ಬುಸುಗುಟ್ಟಿ ಸುರಿಯತೊಡಗಿದವು. ಬಿಂದಿಗೆ ತುಂಬುವ ಸದ್ದು, ಡ್ರಮ್ಮಿಗೆ ಬೀಳುವ ಸದ್ದು, ಯಾರದೋ ಮಗು ನಲ್ಲಿಗೇ ಬಾಯಿಟ್ಟು ಕುಡಿದು ಕೇಕೆ ಹಾಕುವ ಸದ್ದು. ಅವಳು ಜಗುಲಿಯ ಕಂಬ ಹಿಡಿದು ಕೂತಿದ್ದಳು.

ಪಕ್ಕದ ಮನೆ ಅಕ್ಕಯಮ್ಮ ಸೊಂಟದಲ್ಲಿ ಬಿಂದಿಗೆ, ಕೈಯಲ್ಲಿ ಮೊಮ್ಮಗಳು ಕೀರ್ತನಳನ್ನು ಹಿಡಿದುಕೊಂಡು ನಿಂತಳು. ಕ್ಯಾನು ಬಿಟ್ಟು ನಲ್ಲಿಗೆ ಬಂದವರಲ್ಲಿ ಅವಳೇ ಮೊದಲಿಗಳು.

"ಯಾಕವ್ವ, ನೀರು ಹಿಡಿಯಾಕಿಲ್ವಾ? ನಿಲ್ಲಿಸ್ಬುಡ್ತಾನೆ ಆಮೇಲೆ."

ನಾಲಿಗೆಯ ತುದಿಗೆ ಬಂದಿತ್ತು. ಕುಡೀಬೇಡ ಕಣಕ್ಕಾ ಎನ್ನಲು ಎಷ್ಟು ಹೊತ್ತು ಬೇಕು?

"ಮನೇಲಿ ಐತೆ ಅಕ್ಕಾ," ಎಂದಳು ಮುನಿತಾಯಮ್ಮ.

ಮರುದಿನ ಬೆಳಗಿನಿಂದ ಅವಳು ಹುಳು ಮನೆಯ ಕಡೆ ಹೋಗಲೇ ಇಲ್ಲ. ಹುಳುಗಳಿಗೆ ಸೊಪ್ಪು ಹಾಕಿದ್ದೂ ಅಪ್ಪಯ್ಯಣ್ಣನೇ. ಬಿಸಿಲು ನೆತ್ತಿಗೆ ಬಂದ ಮೇಲೆ ಇನ್ನು ತಡೆಯಲಾರದೆ ಎದ್ದಳು. ಬೇಸಿನ್ನಿನಲ್ಲಿ ಕಾಲು ಅದ್ದುವುದನ್ನೂ ಮರೆತು ಒಳಗೆ ನುಗ್ಗಿದಳು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಗೂಡಿನಲ್ಲಿ ಶೀಶೆ ಇತ್ತು. ಕಾಡಿಗೆಯಷ್ಟು ಕಪ್ಪು. ಆಚೆ ಬದಿಯ ಗೋಡೆ ಕೂಡ ಅದರೊಳಗಿಂದ ಕಾಣುತ್ತಿರಲಿಲ್ಲ.

"ಸಿಂಚನಾ!" ಎಂದು ಕೂಗುತ್ತಾ ಮನೆಗೆ ಬಂದರೆ ಮಗಳು ಇರಲಿಲ್ಲ. ಅಪ್ಪಯ್ಯಣ್ಣ ಜಗುಲಿಯಲ್ಲಿ ಕೂತಿದ್ದ.

"ಅಂಗನವಾಡಿಗೆ ಹೋದ್ಲು. ಬಸುರೀರಿಗೆ ಅಲ್ಲೇ ಊಟ ಕೊಡ್ತಾರಲ್ಲ, ಬೈರಮ್ಮ ಟೀಚರ್ ಬಂದು ಕರ್ಕೊಂಡ್ ಹೋದ್ರು."

ಮುನಿತಾಯಮ್ಮ ಓಡಿದಳು. ಆ ವಯಸ್ಸಿಗೆ, ಆ ಬಿಸಿಲಿಗೆ, ಸೆರಗು ಜಾರುವುದನ್ನೂ ನೋಡದೆ ಓಡಿದಳು. ತಲೆಯ ಮೇಲೆ ವಿಮಾನವೊಂದು ಇಳಿಯುವ ಆರ್ಭಟದಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಮಗಳನ್ನು ಕಾಪಾಡಿಕೊಂಡೆ ಎಂದು ಮನೆಯ ಬಿಂದಿಗೆಗೆ ಬೀಗ ಹಾಕಿ ಕೂತಿದ್ದಳು. ಊರಿಗೆಲ್ಲ ಇರುವುದು ಒಂದೇ ಟ್ಯಾಂಕು ಎಂಬುದು ನೀರು ನೋಡುವವಳಿಗೇ ಹೊಳೆದಿರಲಿಲ್ಲ.

ಅಂಗನವಾಡಿಯಲ್ಲಿ ಊಟ ಮುಗಿದಿತ್ತು. ಮಕ್ಕಳು ಸಾಲಾಗಿ ಕೂತಿದ್ದವು. ಸಿಂಚನ ಗೋಡೆಗೆ ಒರಗಿ ಕಾಲು ಚಾಚಿದ್ದಳು, ತೊಡೆಯ ಮೇಲೆ ಕೀರ್ತನ. ಒಂದೇ ಲೋಟದಲ್ಲಿ ಅರ್ಧ ತಾನು ಕುಡಿದು ಉಳಿದದ್ದನ್ನು ಮಗುವಿಗೆ ಕುಡಿಸುತ್ತಿದ್ದಳು.

ಮುನಿತಾಯಮ್ಮ ಲೋಟಕ್ಕೆ ಹೊಡೆದ ಏಟಿಗೆ ಅದು ಗೋಡೆಗೆ ಬಡಿದು ಉರುಳಿತು. ಕೀರ್ತನ ಕಿಟಾರನೆ ಕಿರುಚಿದಳು.

"ಏನಾಯ್ತು ಮುನಿತಾಯಮ್ಮ?" ಬೈರಮ್ಮ ಗಾಬರಿಯಾಗಿ ಎದ್ದಳು. "ನಲ್ಲಿ ನೀರೇ ಅದು. ನೀವೇ ನೋಡಿದ್ದು."

"ನಾನು ನೋಡೇ ಇಲ್ಲ ಟೀಚರ್! ನಾನು ನೋಡಿದ್ದು ನೀರೇ ಅಲ್ಲ!"

ಅಲ್ಲಿಯೇ ನೆಲದ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ಬೇಸಿನ್ನು, ಚೊಂಬು, ಕಪ್ಪಾದ ಶೀಶೆ. ಹೇಳುತ್ತಲೇ ಫೋನು ತೆಗೆದು ಎಲ್ಲರೆದುರಿಗೆ ಕೆಂಪು ಗುಂಡಿ ಒತ್ತಿದಳು. ಒಂದನ್ನು ಮಾತ್ರ ಹೇಳಲಿಲ್ಲ. ನಿನ್ನೆಯಿಂದಲೇ ತನಗೆ ಅನುಮಾನ ಇತ್ತು ಎಂಬುದನ್ನು.

ಆ ಕೆಂಪಿಗೆ ಇಷ್ಟು ಕಾಲುಗಳಿವೆ ಎಂದು ಊರಿನವರಿಗೆ ಅಂದೇ ಗೊತ್ತಾಗಿದ್ದು. ಸಂಜೆಯೊಳಗೆ ಟ್ಯಾಂಕರ್ ಬಂತು, ಮರುದಿನ ಲ್ಯಾಬಿನವರು ಬಂದರು. ಪೈಪ್ ಲೈನಿನ ಉದ್ದಕ್ಕೂ ಅಗೆಯುತ್ತಾ ಹೋದವರು ಶೀಟಿನ ರೂಮುಗಳ ಪಾಯಿಖಾನೆ ಗುಂಡಿಯ ಪಕ್ಕದಲ್ಲಿ ಒಡೆದ ಜಾಯಿಂಟನ್ನು ಪತ್ತೆ ಮಾಡಿದರು. ಗೋಪಾಲಪ್ಪನಿಗೆ ನೋಟಿಸು ಬಂತು, ಪುಡಿಯ ಮೂಟೆಯೂ ಬಂತು. ಊರಿನವರು ಬೈದರು, ಆಮೇಲೆ ಸುಮ್ಮನಾದರು. ಹುಳು ಸಾಕುವ ಮನೆಗಳವರಿಗೆಲ್ಲ ಆ ಬೇಸಿನ್ನು ಗೊತ್ತು. ನಾವಾದರೂ ಹಾಗೇ ಮಾಡುತ್ತಿದ್ದೆವು ಎಂದರು. ಆ ಮಾತು ಕೇಳಿದಾಗಲೆಲ್ಲ ಮುನಿತಾಯಮ್ಮ ಬೇರೆ ಕಡೆ ತಿರುಗಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಕಾಮಾಲೆ ಕಾಣಿಸಿಕೊಳ್ಳಲು ವಾರಗಟ್ಟಲೆ ಬೇಕಾಗಬಹುದು, ಮಕ್ಕಳ ಮೇಲೂ ಬಸುರಿಯರ ಮೇಲೂ ಕಣ್ಣಿಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಸಿಂಚನಳನ್ನು ಹಿತ್ತಲ ಬಿಸಿಲಿಗೆ ಕೂರಿಸಿ, ಕೆಳರೆಪ್ಪೆ ಎಳೆದು ನೋಡುವುದೇ ಮುನಿತಾಯಮ್ಮನ ಕೆಲಸವಾಯಿತು. ನೋಡುವ ಮೊದಲು ಪ್ರಾಣ ಬಾಯಿಗೆ ಬರುತ್ತಿತ್ತು. ಬೆಳ್ಳಗಿದೆ ಎಂದು ಕಂಡಮೇಲೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನೆಮ್ಮದಿ, ಆಮೇಲೆ ನಾಳೆಯ ಭಯ. ಇದನ್ನು ಕಂಡು ಅಂಗನವಾಡಿ ಮಕ್ಕಳ ತಾಯಂದಿರೂ ತಮ್ಮ ಮಕ್ಕಳನ್ನು ಅವಳ ಹತ್ತಿರವೇ ತರತೊಡಗಿದರು. ಮತ್ತೆ ಅವಳನ್ನೇ ನಂಬಿದರು. ಅದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಇನ್ನೊಂದಿರಲಿಲ್ಲ.

ಒಂದು ಬೆಳಿಗ್ಗೆ ಸಿಂಚನಳ ಕಣ್ಣು ನೋಡಿ ಇನ್ನೂ ಎದ್ದಿರಲಿಲ್ಲ, ಅಕ್ಕಯಮ್ಮ ಕೀರ್ತನಳನ್ನು ಎತ್ತಿಕೊಂಡು ಬಂದಳು. ಮಗು ಅಜ್ಜಿಯ ಹೆಗಲ ಮೇಲೆ ಕತ್ತು ಚೆಲ್ಲಿ ಮಲಗಿತ್ತು.

"ರಾತ್ರಿಯಿಂದ ಏನೂ ತಿಂದಿಲ್ಲ ಕಣೆ. ನೋಡು."

ಮುನಿತಾಯಮ್ಮ ರೆಪ್ಪೆ ಎಳೆದಳು. ಹಳದಿ. ಅನುಮಾನಕ್ಕೆ ಜಾಗವೇ ಇಲ್ಲದ ಹಳದಿ.

ಸದ್ಯ, ನನ್ನ ಮಗಳಲ್ಲ.

ಎಲ್ಲಕ್ಕಿಂತ ಮೊದಲು ಅವಳೊಳಗೆ ಎದ್ದ ಮಾತು ಅದು. ಮಗುವಿನ ಕೆನ್ನೆ ಇನ್ನೂ ಅವಳ ಅಂಗೈಯಲ್ಲೇ ಇತ್ತು. ತನ್ನೊಳಗಿನ ಆ ಮಾತು ಕೇಳಿ ಅವಳಿಗೆ ಆದ ಭಯ ಕಪ್ಪು ಶೀಶೆ ಕಂಡಾಗಲೂ ಆಗಿರಲಿಲ್ಲ. ರೋಗ ಅಂಗನವಾಡಿಯ ಆ ಲೋಟದಿಂದ ಬಂತೋ, ಹಿಂದಿನ ದಿನದ ಬಿಂದಿಗೆಯಿಂದ ಬಂತೋ, ಅದಕ್ಕೂ ಮೊದಲಿನದೋ, ಯಾವ ಡಾಕ್ಟರೂ ಹೇಳಲಾರ. ಅವಳಂತೂ ಕೇಳಲಾರಳು.

ಅಕ್ಕಯಮ್ಮ ಮಗುವಿನ ಕಣ್ಣು ನೋಡಲಿಲ್ಲ. ಮುನಿತಾಯಮ್ಮನ ಮುಖವನ್ನೇ ನೋಡುತ್ತಿದ್ದಳು.

"ಅವತ್ತು ಸಂಜೆ ನೀನು ನೀರು ಹಿಡೀಲಿಲ್ಲ," ಎಂದಳು ಮೆಲ್ಲಗೆ. "ಎಷ್ಟೋ ಸಲ ಅಂದ್ಕೊಂಡೆ ಕೇಳೋಣ ಅಂತ. ಅವತ್ತೇ ನಿಂಗೆ ಗೊತ್ತಿತ್ತಾ?"

ಸಿಂಚನ ತಲೆಯೆತ್ತಿ ತಾಯಿಯ ಕಡೆ ನೋಡಿದಳು. ಹೊಟ್ಟೆಯ ಮೇಲೆ ಅವಳ ಕೈ ಬಿಗಿಯಾಯಿತು.

ಇಲ್ಲ ಎನ್ನಬಹುದಿತ್ತು. ಫೋನಿನಲ್ಲಿ ಅದರ ಲೆಕ್ಕವಿರಲಿಲ್ಲ, ಗಂಡನೂ ಬಾಯಿ ಬಿಡುವವನಲ್ಲ.

"ಗೊತ್ತಿತ್ತು ಕಣಕ್ಕಾ," ಎಂದಳು ಮುನಿತಾಯಮ್ಮ.

ಅಕ್ಕಯಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ದೇವನಹಳ್ಳಿ ಬಸ್ಸು ನಿಲ್ಲುವ ಕಡೆಗೆ ಹೊರಟಳು. ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮುನಿತಾಯಮ್ಮ ಮಗಳ ಮುಖ ನೋಡಲಾರದೆ, ಬರಿಗಾಲಲ್ಲೇ ಅಕ್ಕಯಮ್ಮನ ಹಿಂದೆ ನಡೆದಳು.